ಜೋಡಿ ನಳಿಗೆಯ ಜಾಯಮಾನ

ಕೊಡಗು ಮತ್ತು ಮಲೆನಾಡಿನ ಕೋವಿ ದಾಖಲೆಗಳಲ್ಲಿ ‘ಡಿ.ಬಿ.ಬಿ.ಎಲ್.’ ಎಂಬ ನಾಲ್ಕಕ್ಷರ ಆಗಾಗ ಕಣ್ಣಿಗೆ ಬೀಳುತ್ತದೆ. ಡಬಲ್ ಬ್ಯಾರೆಲ್ ಬ್ರೀಚ್ ಲೋಡಿಂಗ್ ಎಂಬುದರ ಹ್ರಸ್ವರೂಪ ಅದು. ಅಂದರೆ ಕೇಪಿನ ಕೋವಿಯ ಹಾಗೆ ಬಾಯಿಂದ ಮದ್ದು ಜಡಿಯದೆ, ನಡು ಮುರಿದು ಹಿಂದಿನಿಂದ ತೋಟಾ ತುಂಬುವ ಎರಡು ನಳಿಗೆಯ ಕೋವಿ. ಹೆಚ್ಚಿನವು ಹನ್ನೆರಡು ಬೋರಿನವು, ನಳಿಗೆಗಳು ಅಕ್ಕಪಕ್ಕ ಇರುವಂಥವು. ಚುನಾವಣೆ ಘೋಷಣೆಯಾದರೆ ಸಾಮಾನ್ಯವಾಗಿ ಠಾಣೆಗೆ ಹೋಗಿ, ಮುಗಿದ ಮೇಲೆ ಮನೆಗೆ ಮರಳುವ ಇವು ಕೊಡವರ ಆಯುಧ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್ ಪೂ, ಅಂದರೆ ಕೋವಿ ಹೂ, ಮುಡಿದು ಪೂಜೆಗೆ ಕೂರುತ್ತವೆ.

ಇಂಥದ್ದೊಂದು ಕೋವಿಯನ್ನು ಹಾರುವ ತಟ್ಟೆಗಳಿಗೆ ಗುರಿಯಿಡುವ ಸ್ಕೀಟ್ ಆಟದ ಮೈದಾನಕ್ಕೆ ಒಯ್ದು, ಇಟಲಿಯ ಪೆರಾಝಿಯನ್ನೋ ಬೆರೆಟ್ಟಾವನ್ನೋ ಹಿಡಿದವರ ಪಕ್ಕ ನಿಂತರೆ ಏನಾಗುತ್ತದೆ? ಎರಡೂ ಹನ್ನೆರಡು ಬೋರು. ಒಂದೇ ಡಬ್ಬಿಯ ತೋಟಾ ಹಾಕಿದರೆ ಎರಡರಿಂದಲೂ ಚರೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಡುತ್ತದೆ. ಆದರೂ ನೂರು ತಟ್ಟೆಗಳ ಲೆಕ್ಕ ಮುಗಿಯುವ ಹೊತ್ತಿಗೆ ಹಳೆಯ ಕೋವಿಯವರ ಭುಜ ನೋಯುತ್ತಿರುತ್ತದೆ, ಅಂಕ ಇಳಿದಿರುತ್ತದೆ. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಗ್ರೌಸ್ ಹಕ್ಕಿಗಾಗಿ ದಿನವಿಡೀ ನಡೆಯುವ ಬೇಟೆಗೆ ಇದೇ ಇಬ್ಬರನ್ನು ಕಳುಹಿಸಿದರೆ ಕಥೆ ತಿರುಗಿಬೀಳುತ್ತದೆ. ಇಟಲಿಯ ಕೋವಿ ಹೊತ್ತವರ ತೋಳು ಮಧ್ಯಾಹ್ನಕ್ಕೆ ಸೋಲುತ್ತದೆ, ಹಕ್ಕಿ ಎದ್ದಾಗ ಕೋವಿ ಏರುವುದು ತಡವಾಗುತ್ತದೆ.

ಹಾಗಾಗಿ ಯಾವ ಜೋಡಿ ನಳಿಗೆ ಒಳ್ಳೆಯದು ಎಂದು ಕೇಳುವ ಮುನ್ನ ಎಷ್ಟು ದೂರ ಹೊರಬೇಕು, ಎಷ್ಟು ಈಡು ಹೊಡೆಯಬೇಕು ಎಂದು ಕೇಳಿಕೊಳ್ಳಬೇಕು. ಒಂದೂವರೆ ಶತಮಾನದಲ್ಲಿ ಕೋವಿ ತಯಾರಕರು ಮಾಡಿದ ಬಹುಪಾಲು ಬದಲಾವಣೆಗಳು ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ.

ಚರೆಯ ಲೆಕ್ಕ

ರೈಫಲ್ಲಿನಿಂದ ಹೊರಡುವುದು ಒಂದೇ ಗುಂಡು. ಶಾಟ್‌ಗನ್ನಿನಿಂದ ಹೊರಡುವುದು ಚರೆಯ ಹಿಂಡು. ಒಲಿಂಪಿಕ್ ಮಾದರಿಯ ಸ್ಕೀಟ್ ಪಂದ್ಯದ ತೋಟಾದಲ್ಲಿ 24 ಗ್ರಾಂ ಚರೆ ಇರುತ್ತದೆ. ಎರಡು ಮಿಲಿಮೀಟರ್ ವ್ಯಾಸದ ಸೀಸದ ಕಾಳುಗಳು ಅಷ್ಟರಲ್ಲಿ ಸುಮಾರು ಐನೂರು ಹಿಡಿಸುತ್ತವೆ. ಇಂಗ್ಲೆಂಡಿನಲ್ಲಿ ಫೆಸೆಂಟ್ ಹಕ್ಕಿಗೆ ಬಳಸುವ ಆರನೇ ನಂಬರಿನ ಚರೆ ಇನ್ನೂ ದಪ್ಪ, 2.6 ಮಿ.ಮೀ. ಹಾಗಾಗಿ 30 ಗ್ರಾಮಿನ ತೋಟಾದಲ್ಲಿ ಇನ್ನೂರ ಎಂಬತ್ತರಷ್ಟು ಕಾಳು ಮಾತ್ರ. ಕಾಳು ಸಣ್ಣದಾದಷ್ಟೂ ಹರವು ದಟ್ಟ, ದಪ್ಪವಾದಷ್ಟೂ ದೂರದಲ್ಲೂ ಪೆಟ್ಟು ಗಟ್ಟಿ. ತಟ್ಟೆಗೆ ಬಿರುಕು ಬಿಟ್ಟರೆ ಸಾಕು, ಹಕ್ಕಿಗಾದರೆ ಗರಿ ತೂರಿ ಒಳಗಿಳಿಯಬೇಕು.

ಬೋರಿನ ಲೆಕ್ಕವೂ ಸೀಸದ್ದೇ. ನಳಿಗೆಯ ಒಳಗೆ ಸರಿಯಾಗಿ ಕೂರುವಂಥ ಸೀಸದ ಗುಂಡುಗಳು ಹನ್ನೆರಡು ಸೇರಿ ಒಂದು ಪೌಂಡು ತೂಗಿದರೆ ಅದು ಹನ್ನೆರಡು ಬೋರು, ವ್ಯಾಸ ಸುಮಾರು 18.5 ಮಿ.ಮೀ. ಇಪ್ಪತ್ತು ಸೇರಿ ಒಂದು ಪೌಂಡಾದರೆ ಇಪ್ಪತ್ತು ಬೋರು. ಅಂಕಿ ಏರಿದಂತೆ ನಳಿಗೆ ಕಿರಿದಾಗುತ್ತದೆ. ನಾನ್ನೂರ ಹತ್ತು ಮಾತ್ರ ಈ ಸಾಲಿಗೆ ಸೇರದು. ಅದು ಇಂಚಿನ ಸಾವಿರದ ಲೆಕ್ಕದಲ್ಲಿ ಹೇಳುವ ವ್ಯಾಸ.

ಹಾರುವ ಗುರಿಗೆ ನೇರವಾಗಿ ಹೊಡೆದರೆ ಈಡು ಅದರ ಹಿಂದೆ ಬೀಳುತ್ತದೆ. ತಟ್ಟೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 20 ಮೀಟರ್ ದೂರದಲ್ಲಿ ಅಡ್ಡ ಹಾಯುತ್ತಿದೆ ಎಂದುಕೊಳ್ಳಿ. ಚರೆಯ ಸರಾಸರಿ ವೇಗ ಸೆಕೆಂಡಿಗೆ 330 ಮೀಟರ್ ಎಂದಿಟ್ಟುಕೊಂಡರೆ ಅಲ್ಲಿಗೆ ತಲುಪಲು ಸೆಕೆಂಡಿನ ಹದಿನಾರನೇ ಒಂದು ಪಾಲು ಬೇಕು. ಅಷ್ಟರಲ್ಲಿ ತಟ್ಟೆ 1.2 ಮೀಟರ್ ಮುಂದೆ ಹೋಗಿರುತ್ತದೆ. ತಟ್ಟೆಯ ವ್ಯಾಸವೇ 11 ಸೆಂ.ಮೀ. ಎಂದ ಮೇಲೆ, ಅದರ ಹತ್ತು ಪಟ್ಟಿಗೂ ಹೆಚ್ಚು ದೂರದಲ್ಲಿರುವ ಖಾಲಿ ಆಕಾಶಕ್ಕೆ ಹೊಡೆದಂತಾಯಿತು. ಅದೂ ನಿಂತು ಹೊಡೆಯುವಂತಿಲ್ಲ. ನಳಿಗೆ ತಟ್ಟೆಯ ಜತೆಗೇ ಬೀಸುತ್ತ ಹೋಗಿ, ಅದನ್ನು ದಾಟಿ, ಟ್ರಿಗರ್ ಎಳೆದ ಮೇಲೂ ಬೀಸುತ್ತಲೇ ಇರಬೇಕು. ಬೀಸು ನಿಂತರೆ ತಟ್ಟೆ ಉಳಿಯಿತು.

ಒಂದು ಕೋವಿ ಹಕ್ಕಿಗೆ, ಇನ್ನೊಂದು ತಟ್ಟೆಗೆ ಒಗ್ಗುವುದರ ಗುಟ್ಟು ಈ ಬೀಸಿನಲ್ಲಿದೆ. ಒಂದೇ ಕೊಡಲಿಯನ್ನು ಕಾವಿನ ತುದಿ ಹಿಡಿದು ಬೀಸುವುದಕ್ಕೂ ತಲೆಯ ಹತ್ತಿರ ಹಿಡಿದು ಬೀಸುವುದಕ್ಕೂ ಎಷ್ಟು ವ್ಯತ್ಯಾಸ! ತೂಕ ಅಷ್ಟೇ ಇದ್ದರೂ ಮೊದಲನೆಯದು ತಡವಾಗಿ ಹೊರಟು ಒಂದೇ ಗತಿಯಲ್ಲಿ ಸಾಗುತ್ತದೆ. ಎರಡನೆಯದು ಚಟ್ಟನೆ ಹೊರಟು ಚಟ್ಟನೆ ನಿಲ್ಲುತ್ತದೆ. ಭಾರವೆಲ್ಲ ಎರಡು ಕೈಗಳ ನಡುವೆ ಇರುವ ಹಗುರ ಕೋವಿ ಕಾಲಬುಡದಿಂದ ಪಟಪಟನೆ ಏಳುವ ಹಕ್ಕಿಗೆ ವರ. ಮೂತಿಯ ಕಡೆ ಭಾರವಿರುವ ಉದ್ದ ನಳಿಗೆ ಗೊತ್ತಾದ ದಾರಿಯಲ್ಲಿ ಹಾಯುವ ತಟ್ಟೆಗೆ ವರ. ಒಂದು ಕಡೆ ಗುಣವೆನಿಸಿದ್ದು ಇನ್ನೊಂದು ಕಡೆ ದೋಷ.

ಅಕ್ಕಪಕ್ಕದ ಜೋಡಿ

ನಳಿಗೆಗಳು ಅಕ್ಕಪಕ್ಕ ಇರುವ ಸೈಡ್ ಬೈ ಸೈಡ್ ಕೋವಿ ಈಗಿನ ರೂಪಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಇಂಗ್ಲೆಂಡಿನಲ್ಲಿ. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆ್ಯನ್ಸನ್ ಮತ್ತು ಡೀಲಿ 1875ರಲ್ಲಿ ಹೊರಗೆ ಕಾಣುವ ಸುತ್ತಿಗೆಗಳನ್ನು ತೆಗೆದು ಒಳಗೇ ಅಡಗಿಸಿದರು. ಕೋವಿ ಮುರಿದಾಗ ಅದರ ಬಲದಿಂದಲೇ ಒಳಗಿನ ಸುತ್ತಿಗೆ ಸಜ್ಜಾಗುವ ಈ ಬಾಕ್ಸ್‌ಲಾಕ್ ವ್ಯವಸ್ಥೆ ಎಷ್ಟು ಸರಳವೆಂದರೆ, ಜಗತ್ತಿನ ಅಗ್ಗದ ಜೋಡಿ ನಳಿಗೆಗಳು ಇಂದಿಗೂ ಅದನ್ನೇ ಅನುಸರಿಸುತ್ತವೆ. 1880ರಲ್ಲಿ ಫ್ರೆಡರಿಕ್ ಬೀಸ್ಲಿ ರೂಪಿಸಿದ, ತಾನೇ ತೆರೆದುಕೊಳ್ಳುವ ವ್ಯವಸ್ಥೆ ಲಂಡನ್ನಿನ ಪರ್ಡಿ ಕೋವಿಗಳ ಹೆಗ್ಗುರುತಾಯಿತು.

ಆ ಕಾಲದ ಇಂಗ್ಲಿಷ್ ಕೋವಿಗಳ ತೂಕಕ್ಕೊಂದು ಹಳೆಯ ಸೂತ್ರವಿತ್ತು: ಕೋವಿ ತಾನು ಹಾರಿಸುವ ಚರೆಯ 96 ಪಟ್ಟು ತೂಗಬೇಕು. 30 ಗ್ರಾಂ ಚರೆ ಎಂದರೆ 2.9 ಕೆ.ಜಿ. ಕೋವಿ. ಹಳೆಯ ಒಳ್ಳೆಯ ಸೈಡ್ ಬೈ ಸೈಡ್‌ಗಳು ಸರಿಸುಮಾರು ಅಷ್ಟೇ ತೂಗುತ್ತವೆ. ಅದಕ್ಕಿಂತ ಹಗುರವಾದರೆ ಒದೆತ ಹೆಚ್ಚು, ಭಾರವಾದರೆ ಹೊರುವುದು ಕಷ್ಟ. ದಿನವಿಡೀ ನಡೆದು ಬೆರಳೆಣಿಕೆಯಷ್ಟು ಈಡು ಹೊಡೆಯುವವರಿಗೆ ಇದಕ್ಕಿಂತ ಹದವಾದ ತೂಕ ಸಿಗುವುದು ಕಷ್ಟ. 1920ರ ದಶಕದಲ್ಲಿ ರಾಬರ್ಟ್ ಚರ್ಚಿಲ್ ಇನ್ನೂ ಮುಂದೆ ಹೋಗಿ ಬರೀ 25 ಇಂಚಿನ ನಳಿಗೆಗಳ ಕೋವಿ ಮಾಡಿ ಹೆಸರಾದರು. ಪೊದೆ ದಟ್ಟವಾದ ಕಡೆ ಅವು ಕೈಗೆ ಒದಗಿದವು. ದೂರದಲ್ಲಿ ಎತ್ತರವಾಗಿ ಹಾಯುವ ಹಕ್ಕಿಗೆ ಅದೇ ಹಗುರ ಮೂತಿ ತೊಡಕಾಯಿತು.

ಅಕ್ಕಪಕ್ಕದ ಜೋಡಿಗೆ ಇನ್ನೊಂದು ಅನುಕೂಲವಿದೆ. ಅದನ್ನು ಸ್ವಲ್ಪವೇ ಮುರಿದರೂ ಎರಡೂ ನಳಿಗೆಗಳ ಹಿಂಬಾಯಿ ಒಟ್ಟಿಗೆ ತೆರೆದುಕೊಳ್ಳುತ್ತದೆ. ಒಂದರ ಮೇಲೊಂದು ನಳಿಗೆಯಿದ್ದರೆ ಕೆಳಗಿನದು ಚೌಕಟ್ಟಿನಿಂದ ಹೊರಬರಲು ಇನ್ನಷ್ಟು ಬಾಗಿಸಬೇಕು. ಹಾಕಾದವರು ಎಬ್ಬಿಸಿ ತಲೆಯ ಮೇಲೆ ಓಡಿಸುವ ಹಕ್ಕಿಗಳಿಗಾಗಿ ಕಾದು ನಿಲ್ಲುವ ಇಂಗ್ಲೆಂಡಿನ ಬೇಟೆಯಲ್ಲಿ ಈ ಅರ್ಧ ಸೆಕೆಂಡಿಗೂ ಬೆಲೆಯಿತ್ತು. ಅಲ್ಲಿ ಶ್ರೀಮಂತರು ಒಂದೇ ಅಚ್ಚಿನ ಎರಡು ಕೋವಿ ಇಟ್ಟುಕೊಂಡು, ತುಂಬಿಕೊಡಲೆಂದೇ ಆಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. 1913ರ ಡಿಸೆಂಬರ್ 18ರಂದು ಹಾಲ್ ಬಾರ್ನ್ ಎಸ್ಟೇಟಿನಲ್ಲಿ ದೊರೆ ಐದನೇ ಜಾರ್ಜ್ ಸೇರಿದ್ದ ತಂಡ ಒಂದೇ ದಿನ 3,937 ಫೆಸೆಂಟ್‌ಗಳನ್ನು ಉರುಳಿಸಿದ್ದು ಇಂಥ ಏರ್ಪಾಡಿನಿಂದಲೇ.

ಎರಡು ಟ್ರಿಗರ್ ಏಕೆ?

ಜೋಡಿ ನಳಿಗೆಯ ನಿಜವಾದ ಲಾಭ ಎರಡು ಈಡು ಸಿಗುವುದರಲ್ಲಿಲ್ಲ. ಅಷ್ಟೇ ಬೇಕಿದ್ದರೆ ಐದು ಈಡಿನ ಆಟೊಮ್ಯಾಟಿಕ್ ಇದೆ. ಎರಡು ಬೇರೆ ಬೇರೆ ಹರವುಗಳು ಒಂದೇ ಕೈಯಲ್ಲಿರುವುದೇ ಇದರ ವಿಶೇಷ.

ನಳಿಗೆಯ ಬಾಯಿಯ ಬಳಿ ಮಾಡುವ ಅತಿ ಸಣ್ಣ ಕಿರಿದುಗೊಳಿಸುವಿಕೆಗೆ ಚೋಕ್ ಎನ್ನುತ್ತಾರೆ. ನ್ಯೂಕ್ಯಾಸಲ್ಲಿನ ಡಬ್ಲ್ಯು. ಆರ್. ಪೇಪ್ 1866ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. ಫುಲ್ ಚೋಕ್ ಎಂದರೂ ಅದು ಒಂದು ಮಿಲಿಮೀಟರಿನಷ್ಟು ಇಕ್ಕಟ್ಟು, ಅಷ್ಟೇ. ಆದರೆ ಅದರ ಪರಿಣಾಮ ದೊಡ್ಡದು. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಹೊಡೆದರೆ, ಚೋಕ್ ಇಲ್ಲದ ಸಿಲಿಂಡರ್ ನಳಿಗೆ ಶೇ 40ರಷ್ಟು ಚರೆಯನ್ನು ಅದರೊಳಗೆ ಹಾಕುತ್ತದೆ. ಇಂಪ್ರೂವ್ಡ್ ಸಿಲಿಂಡರ್ ಶೇ 50, ಮಾಡಿಫೈಡ್ ಶೇ 60, ಫುಲ್ ಶೇ 70. ಇವು ವಾಡಿಕೆಯ ಅಂದಾಜುಗಳು. ತೋಟಾ ಬದಲಾದರೆ ಒಂದೇ ನಳಿಗೆಯ ಹರವೂ ಬದಲಾಗುತ್ತದೆ.

ಹಳೆಯ ಸೈಡ್ ಬೈ ಸೈಡ್‌ಗಳಲ್ಲಿ ಸಾಮಾನ್ಯವಾಗಿ ಬಲ ನಳಿಗೆಗೆ ಸಡಿಲ ಚೋಕ್, ಎಡಕ್ಕೆ ಬಿಗಿ ಚೋಕ್. ಮುಂದಿನ ಟ್ರಿಗರ್ ಬಲದ್ದು, ಹಿಂದಿನದು ಎಡದ್ದು. ನಡೆದು ಹೋಗುವಾಗ ಹಕ್ಕಿ ಎದುರಿನಿಂದ ಎದ್ದು ದೂರ ಓಡುತ್ತದೆ. ಮೊದಲ ಈಡಿಗೆ ಹತ್ತಿರ, ಎರಡನೆಯದಕ್ಕೆ ದೂರ. ಮೊದಲು ಸಡಿಲ, ಆಮೇಲೆ ಬಿಗಿ. ಹಾಕಾ ಬೇಟೆಯಲ್ಲಿ ಇದು ತಿರುವುಮುರುವು. ಹಕ್ಕಿ ನಮ್ಮತ್ತಲೇ ಬರುವುದರಿಂದ ದೂರದಲ್ಲಿದ್ದಾಗ ಬಿಗಿ ನಳಿಗೆ, ಹತ್ತಿರ ಬಂದಾಗ ಸಡಿಲ. ಎರಡು ಟ್ರಿಗರ್ ಇದ್ದರೆ ಯಾವ ಗುಂಡಿಯನ್ನೂ ತಿರುವದೆ, ಬೆರಳನ್ನು ಹಿಂದೆಯೋ ಮುಂದೆಯೋ ಸರಿಸಿ ಆ ಕ್ಷಣದಲ್ಲೇ ಆಯ್ಕೆ ಮಾಡಬಹುದು. ಒಂದೇ ಟ್ರಿಗರ್ ಇರುವ ಕೋವಿಗಳಲ್ಲಿ ನಳಿಗೆ ಆರಿಸುವ ಗುಂಡಿ ಇರುತ್ತದಾದರೂ ಹಕ್ಕಿ ಎದ್ದ ಮೇಲೆ ಅದನ್ನು ತಡಕಲು ಯಾರಿಗೂ ವ್ಯವಧಾನವಿಲ್ಲ.

ಸ್ಕೀಟ್‌ಗೆ ಬಂದರೆ ಈ ಜಾಣ್ಮೆಯೆಲ್ಲ ಉಪಯೋಗಕ್ಕಿಲ್ಲ. ಅಲ್ಲಿ ತಟ್ಟೆಯ ದೂರ ಎರಡೂ ಈಡಿಗೆ ಹೆಚ್ಚುಕಡಿಮೆ ಒಂದೇ, ಇಪ್ಪತ್ತು ಮೀಟರಿನ ಆಸುಪಾಸು. ಎರಡೂ ನಳಿಗೆಗೆ ಸಡಿಲ ಚೋಕ್ ಇದ್ದರೆ ಸಾಕು. ಮನೆಯ ಹಳೆಯ ಕೋವಿಯ ಫುಲ್ ಚೋಕ್ ನಳಿಗೆ ಆ ದೂರದಲ್ಲಿ ಚರೆಯನ್ನು ಕಿರಿದಾದ ಮುದ್ದೆಯಾಗಿಯೇ ಕಳುಹಿಸುತ್ತದೆ. ತಾಗಿದರೆ ತಟ್ಟೆ ಪುಡಿಯಾದೀತು, ಆದರೆ ತಾಗುವುದೇ ಅಪರೂಪ.

ಒಂದರ ಮೇಲೊಂದು

ನಳಿಗೆಗಳನ್ನು ಒಂದರ ಮೇಲೊಂದು ಕೂರಿಸುವುದು ಹೊಸ ಯೋಚನೆಯಲ್ಲ. ಲಂಡನ್ನಿನ ಬಾಸ್ ಕಂಪನಿ 1909ರಲ್ಲೇ ಸೊಗಸಾದ ಓವರ್ ಅಂಡರ್ ಮಾಡಿತ್ತು. ಆದರೆ ಅದು ಸಿರಿವಂತರ ಸೊತ್ತು. ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ ಜನರ ಕೈಗೆ ತಲುಪಿಸಲು ಹೊರಟವರು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. ಆ ಕೆಲಸ ಪೂರ್ತಿಯಾಗುವ ಮುನ್ನವೇ, 1926ರ ನವೆಂಬರ್‌ನಲ್ಲಿ, ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆಯಲ್ಲಿ ಅವರು ತೀರಿಕೊಂಡರು. ಒಂದೇ ಟ್ರಿಗರಿನ ವ್ಯವಸ್ಥೆಯನ್ನು ಮಗ ವ್ಯಾಲ್ ರೂಪಿಸಿದರು. ‘ಸೂಪರ್‌ಪೋಸ್ಡ್’ ಹೆಸರಿನ ಆ ಕೋವಿ 1931ರ ಹೊತ್ತಿಗೆ ಮಾರುಕಟ್ಟೆಯಲ್ಲಿತ್ತು.

ಅದರಲ್ಲಿ ಹೊಸದೇನಿತ್ತು? ಮೊದಲನೆಯದು ನೋಟ. ಅಕ್ಕಪಕ್ಕದ ಜೋಡಿಯ ಹಿಂದೆ ಕಣ್ಣಿಟ್ಟರೆ ನಾಲ್ಕೈದು ಸೆಂ.ಮೀ. ಅಗಲದ ಲೋಹ ಎದುರಿಗೆ ಬರುತ್ತದೆ. ಒಂದರ ಮೇಲೊಂದಾದರೆ ಮೇಲಿನ ನಳಿಗೆಯ ನೆತ್ತಿಯ ಮೇಲಿರುವ ಸುಮಾರು ಒಂದು ಸೆಂ.ಮೀ. ಅಗಲದ ಪಟ್ಟಿ ಮಾತ್ರ. ತಟ್ಟೆಯನ್ನು ದಾಟಿ ಎಷ್ಟು ಮುಂದೆ ಬಂದೆ ಎಂಬುದು ಕಣ್ಣಿಗೆ ನಿಖರವಾಗಿ ಸಿಗುತ್ತದೆ.

ಎರಡನೆಯದು ಒದೆತ. ಸೈಡ್ ಬೈ ಸೈಡ್‌ನಲ್ಲಿ ಪ್ರತಿ ನಳಿಗೆಯೂ ಕೋವಿಯ ನಡುಗೆರೆಯಿಂದ ಆಚೀಚೆ ಇರುವುದರಿಂದ ಒದೆತ ಕೋವಿಯನ್ನು ಸ್ವಲ್ಪ ಪಕ್ಕಕ್ಕೂ ತಳ್ಳುತ್ತದೆ. ಅದಕ್ಕೆಂದೇ ತಯಾರಕರು ಎರಡು ನಳಿಗೆಗಳನ್ನು ಮೂತಿಯ ಕಡೆಗೆ ತುಸು ಕೂಡುವಂತೆ ಬೆಸೆಯುತ್ತಾರೆ. ಓವರ್ ಅಂಡರ್‌ನಲ್ಲಿ ಸಾಮಾನ್ಯವಾಗಿ ಕೆಳಗಿನ ನಳಿಗೆ ಮೊದಲು ಹಾರುತ್ತದೆ. ಅದು ಭುಜದ ನೇರಕ್ಕೆ ಹತ್ತಿರವಿರುವುದರಿಂದ ಒದೆತ ನೆಟ್ಟಗೆ ಹಿಂದೆ ಬರುತ್ತದೆ, ಮೂತಿ ಹೆಚ್ಚು ಮೇಲೆ ಚಿಮ್ಮುವುದಿಲ್ಲ. ಜೋಡಿ ತಟ್ಟೆಯ ಎರಡನೆಯದನ್ನು ಹುಡುಕಲು ಕಣ್ಣಿಗೂ ಕೈಗೂ ಅದರಿಂದ ಸಮಯ ಸಿಗುತ್ತದೆ.

ಮೂರನೆಯದು ತೂಕ. ಸ್ಪರ್ಧೆಯ ಓವರ್ ಅಂಡರ್‌ಗಳು 3.5ರಿಂದ 3.8 ಕೆ.ಜಿ. ಇರುತ್ತವೆ. ಅದೇ ತೋಟಾಕ್ಕೆ ಒದೆತದ ಶಕ್ತಿ ಕೋವಿಯ ತೂಕಕ್ಕೆ ವಿಲೋಮ. 2.9 ಕೆ.ಜಿ.ಯ ಬದಲು 3.7 ಕೆ.ಜಿ.ಯ ಕೋವಿ ಹಿಡಿದರೆ ಅದು ಐದನೇ ಒಂದು ಪಾಲಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಹತ್ತು ಈಡಿನಲ್ಲಿ ಇದು ತಿಳಿಯದು. ನೂರರಲ್ಲಿ ಭುಜ ಲೆಕ್ಕ ಒಪ್ಪಿಸುತ್ತದೆ. ಒದೆತಕ್ಕೆ ಹೆದರಿದ ದೇಹ ಟ್ರಿಗರ್ ಎಳೆಯುವ ಮುನ್ನವೇ ಬಿಗಿಯುತ್ತದೆ, ಬೀಸು ಅಲ್ಲಿಗೇ ನಿಲ್ಲುತ್ತದೆ.

ಬ್ರೌನಿಂಗ್ ತೆರೆದ ದಾರಿಯಲ್ಲಿ ದೂರ ಹೋದವರು ಇಟಲಿಯವರು. ಬ್ರೆಷಾ ಸೀಮೆಯ ಬೆರೆಟ್ಟಾ ಮನೆತನ 1526ರಲ್ಲಿ ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ನಳಿಗೆ ಮಾರಿದ ದಾಖಲೆಯಿದೆ. ಅದೇ ಸೀಮೆಯಲ್ಲಿ ಡ್ಯಾನಿಯೆಲ್ ಪೆರಾಝಿ 1957ರಲ್ಲಿ ತಮ್ಮ ಕಂಪನಿ ಆರಂಭಿಸಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಪ್ (ತಟ್ಟೆ ಎದುರಿನಿಂದ ದೂರಕ್ಕೆ ಹಾರುವ ಸ್ಪರ್ಧೆ) ಚಿನ್ನ ಗೆದ್ದ ಎನಿಯೊ ಮತ್ತರೆಲ್ಲಿ ಅವರ ಜತೆಗೂಡಿದರು. 1968ರ ಮೆಕ್ಸಿಕೊ ಕೂಟಕ್ಕೆಂದು ರೂಪುಗೊಂಡ ಎಂಎಕ್ಸ್8 ಮಾದರಿಯಲ್ಲಿ ಟ್ರಿಗರಿನ ಇಡೀ ಗುಂಪನ್ನು ಕೈಯಿಂದ ಕಳಚಿ ಬೇರೆಯದು ಹಾಕಬಹುದಿತ್ತು. ಪಂದ್ಯದ ನಡುವೆ ಸ್ಪ್ರಿಂಗ್ ಮುರಿದರೂ ಆಟ ನಿಲ್ಲದು. ಜರ್ಮನಿಯ ಕ್ರೀಗಾಫ್, ಜಪಾನಿನ ಮಿರೊಕು ಕಾರ್ಖಾನೆಯಲ್ಲಿ ತಯಾರಾಗುವ ಬ್ರೌನಿಂಗ್ ಸಿಟೊರಿ ಕೂಡ ಸ್ಪರ್ಧೆಯ ಮೈದಾನಗಳಲ್ಲಿ ಹೆಸರು ಮಾಡಿದವು. ಇವು ಸಾವಿರಾರು ಈಡುಗಳ ಸವೆತ ತಾಳುವಂತೆ ಕಟ್ಟಿದ ಕೋವಿಗಳು. ಬೇಟೆಯವರೊಬ್ಬರು ಜೀವಮಾನದಲ್ಲಿ ಹೊಡೆಯುವಷ್ಟು ಈಡನ್ನು ಸ್ಪರ್ಧಿಯೊಬ್ಬರು ಒಂದು ಋತುವಿನಲ್ಲೇ ಮುಗಿಸಿಬಿಡಬಹುದು.

ಹಕ್ಕಿಯಿಂದ ತಟ್ಟೆಗೆ

ಸ್ಕೀಟ್ ಹುಟ್ಟಿದ್ದು ಬೇಟೆಯ ತಾಲೀಮಿಗೆಂದೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆ್ಯಂಡೋವರ್‌ನಲ್ಲಿ ಚಾರ್ಲ್ಸ್ ಡೇವಿಸ್ ಎಂಬವರು ಗ್ರೌಸ್ ಬೇಟೆಯ ಅಭ್ಯಾಸಕ್ಕಾಗಿ, ಗಡಿಯಾರದ ಅಂಕಿಗಳಂತೆ ಹನ್ನೆರಡು ನಿಲ್ದಾಣ ಹಾಕಿಕೊಂಡು ವೃತ್ತದ ಸುತ್ತ ಹೊಡೆಯುವ ಆಟ ಕಟ್ಟಿದರು. ಪಕ್ಕದಲ್ಲಿ ಕೋಳಿ ಸಾಕಣೆ ಶುರುವಾದಾಗ ಆ ಕಡೆಗೆ ಚರೆ ಬೀಳುವಂತಿರಲಿಲ್ಲ. ತಟ್ಟೆ ಎಸೆಯುವ ಎರಡನೇ ಯಂತ್ರವನ್ನು ಎದುರು ತುದಿಯಲ್ಲಿಟ್ಟು ವೃತ್ತವನ್ನು ಅರ್ಧ ಮಾಡಿದರು. ಜತೆಗಾರ ವಿಲಿಯಂ ಹಾರ್ನ್‌ಡೆನ್ ಫಾಸ್ಟರ್ 1926ರಲ್ಲಿ ಆಟವನ್ನು ಪತ್ರಿಕೆಯ ಮೂಲಕ ದೇಶಕ್ಕೆ ಪರಿಚಯಿಸಿದರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗನ್ನರ್‌ಗಳಿಗೆ ಮುಂದಂದಾಜು ಕಲಿಸಲು ಅಮೆರಿಕ ಇದೇ ಆಟವನ್ನು ಬಳಸಿತು.

ಈಗಿನ ಮೈದಾನದಲ್ಲಿ ಎಡಕ್ಕೆ ಎತ್ತರದ ಮನೆ, ಬಲಕ್ಕೆ ತಗ್ಗಿನ ಮನೆ. ಒಂದರಿಂದ ಸುಮಾರು 3 ಮೀಟರ್, ಇನ್ನೊಂದರಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ತಟ್ಟೆ ಹೊರಬೀಳುತ್ತದೆ. ಎಂಟು ನಿಲ್ದಾಣ, ಸುತ್ತಿಗೆ 25 ತಟ್ಟೆ. ಅಮೆರಿಕದ ಸ್ಕೀಟ್‌ನಲ್ಲಿ ಕೋವಿಯನ್ನು ಮೊದಲೇ ಭುಜಕ್ಕಿಟ್ಟು ತಟ್ಟೆ ಕರೆಯಬಹುದು. ಅಲ್ಲಿ 12, 20, 28 ಮತ್ತು ನಾನ್ನೂರ ಹತ್ತು ಹೀಗೆ ನಾಲ್ಕು ಬೋರುಗಳ ಪಂದ್ಯ ನಡೆಯುತ್ತದೆ. ಹನ್ನೆರಡು ಬೋರಿನ ಓವರ್ ಅಂಡರ್‌ಗೆ ಸಣ್ಣ ಬೋರಿನ ಕೊಳವೆಗಳನ್ನು ತೂರಿಸಿಕೊಂಡರೆ ಅದೇ ಕೋವಿ, ಅದೇ ಹಿಡಿತದಲ್ಲಿ ನಾಲ್ಕೂ ಆಡಿಬಿಡಬಹುದು. ಒದೆತ ಕಡಿಮೆಯಿರುವ ಸೆಮಿ ಆಟೊಮ್ಯಾಟಿಕ್‌ಗಳಿಗಿಂತ ಜೋಡಿ ನಳಿಗೆ ಅಲ್ಲಿ ಮೇಲುಗೈ ಪಡೆಯಲು ಇದೂ ಒಂದು ಕಾರಣ.

1968ರಿಂದ ಒಲಿಂಪಿಕ್ಸ್‌ನಲ್ಲಿರುವ ಸ್ಕೀಟ್ ಇನ್ನೂ ಬಿರುಸು. ಕೋವಿಯ ಬುಡ ಸೊಂಟದ ಬಳಿಯ ಗುರುತಿಗೆ ತಾಗಿರಬೇಕು. ಕರೆದ ಮೇಲೆ ತಟ್ಟೆ ತಕ್ಷಣವೂ ಬರಬಹುದು, ಮೂರು ಸೆಕೆಂಡಿನೊಳಗೆ ಯಾವಾಗಲಾದರೂ ಬರಬಹುದು. ಹೀಗಾಗಿ ಒಲಿಂಪಿಕ್ ಸ್ಕೀಟ್ ಕೋವಿಗೆ ಹಕ್ಕಿ ಕೋವಿಯ ಒಂದು ಗುಣ ಮತ್ತೆ ಬೇಕಾಗುತ್ತದೆ: ಕೆಳಗಿನಿಂದ ಎದ್ದು ಕೆನ್ನೆಗೆ ತಪ್ಪದೆ ಕೂರುವುದು. ಹಾಗೆಂದೇ ಟ್ರ್ಯಾಪ್ ಕೋವಿಯಷ್ಟು ಉದ್ದ ನಳಿಗೆಯ ಮೋಹ ಇಲ್ಲಿಲ್ಲ. 28ರಿಂದ 30 ಇಂಚು ಸಾಮಾನ್ಯ.

1992ರ ಬಾರ್ಸಿಲೋನಾದಲ್ಲಿ ಗಂಡು-ಹೆಣ್ಣು ಎಂಬ ಭೇದವಿಲ್ಲದ ಸ್ಕೀಟ್ ಸ್ಪರ್ಧೆಯನ್ನು ಚೀನಾದ ಜಾಂಗ್ ಶಾನ್ 225ರಲ್ಲಿ 223 ತಟ್ಟೆ ಒಡೆದು ಗೆದ್ದರು. ಮುಂದಿನ ಕೂಟಕ್ಕೆ ಸ್ಪರ್ಧೆಯನ್ನು ಗಂಡಸರಿಗಷ್ಟೇ ಸೀಮಿತಗೊಳಿಸಿದರು. ಮಹಿಳೆಯರ ಸ್ಕೀಟ್ ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ. ಮೈಬಲದ ಆಟ ಇದಲ್ಲ ಎಂಬುದಕ್ಕೆ ಆಕೆಯ ಅಂಕಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ನೆಲದ ಕಥೆ

ಭಾರತದಲ್ಲಿ ಈ ಕೋವಿಗಳ ಹಕ್ಕಿ ಅಧ್ಯಾಯ ಮುಗಿದು ಹೋಗಿದೆ. ಮುಗಿಯಲೇಬೇಕಿತ್ತು. 1938ರ ನವೆಂಬರ್ 12ರಂದು ಭರತಪುರದ ಕೇವಲಾದೇವ ಜೌಗಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಬೇಟೆ ತಂಡ 4,273 ಹಕ್ಕಿಗಳನ್ನು ಹೊಡೆಯಿತು. ಇಂಥ ಲೆಕ್ಕಗಳನ್ನು ಅಲ್ಲಿ ಕಲ್ಲಿನಲ್ಲೇ ಕೊರೆಸಿಟ್ಟಿದ್ದಾರೆ. ಒಳ್ಳೆಯ ಕೋವಿ, ನುರಿತ ಕೈ, ಮಿತಿಯಿಲ್ಲದ ತೋಟಾ ಮೂರೂ ಸೇರಿದರೆ ಏನಾಗುತ್ತದೆ ಎಂಬುದನ್ನು ಆ ಕಲ್ಲುಗಳಷ್ಟು ನೇರವಾಗಿ ಹೇಳುವ ದಾಖಲೆ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಲೈಸನ್ಸ್ ಪಡೆದು ಬೇಟೆಯಾಡುವ ಅವಕಾಶವನ್ನೂ ತೆಗೆದುಹಾಕಿತು.

ಅರಮನೆಯ ಬೇಟೆ ತಟ್ಟೆಯ ಮೈದಾನಕ್ಕೆ ದಾಟಿದ್ದು ಬಿಕಾನೇರಿನ ಮಹಾರಾಜ ಕರಣಿ ಸಿಂಗ್ ಅವರಲ್ಲಿ ಕಾಣುತ್ತದೆ. ಗಜನೇರಿನ ಸ್ಯಾಂಡ್‌ಗ್ರೌಸ್ ಬೇಟೆಗಳಿಗೆ ಹೆಸರಾದ ಮಹಾರಾಜ ಗಂಗಾ ಸಿಂಗ್ ಅವರ ಮೊಮ್ಮಗ ಈತ. 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು, 1962ರ ಕೈರೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದರು. ದೆಹಲಿಯ ತುಘಲಕಾಬಾದ್ ಬಳಿಯ ಶೂಟಿಂಗ್ ರೇಂಜ್ ಅವರ ಹೆಸರು ಹೊತ್ತಿದೆ. ಮುಂದೆ 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಬೆಳ್ಳಿ ತಂದರು. ಸ್ಕೀಟ್‌ನಲ್ಲಿ ಮೈರಾಜ್ ಅಹ್ಮದ್ ಖಾನ್ 2022ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನ ಚಿನ್ನ ಗೆದ್ದರು. 2024ರ ಪ್ಯಾರಿಸ್ ಕೂಟದ ಮಿಶ್ರ ಸ್ಕೀಟ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಜೋಡಿ ಚೀನಾದ ಎದುರು 43–44ರಲ್ಲಿ ಸೋತಿತು. ಕಂಚು ಜಾರಿದ್ದು ಒಂದೇ ಒಂದು ತಟ್ಟೆಯಿಂದ.

ಕೊಡಗಿನ ಸ್ಥಿತಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅಲ್ಲಿ ಕೋವಿ ಮನೆತನದ ಗೌರವ, ಹಬ್ಬದ ಅಂಗ, ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆಯ ಸಾಧನ. ಆದರೆ ಕಟ್ಟಿದ ಕಾಯಿಗೆ ಹೊಡೆಯುವುದು ನಿಂತ ಗುರಿಯ ವಿದ್ಯೆ, ಓಡುವ ತಟ್ಟೆಯದ್ದು ಬೀಸಿನ ವಿದ್ಯೆ. ಒಂದರಲ್ಲಿ ಪಳಗಿದವರು ಇನ್ನೊಂದನ್ನು ಹೊಸದಾಗಿಯೇ ಕಲಿಯಬೇಕು.

ಅಜ್ಜನ ಕಾಲದ ವಿಲಾಯತಿ ಕೋವಿ ಮನೆಯಲ್ಲಿದ್ದವರು ಒಂದು ಸಂಗತಿ ತಿಳಿದಿರಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಕೋಣೆ ಅನೇಕ ವೇಳೆ 65 ಮಿ.ಮೀ. ಮಾತ್ರ ಇರುತ್ತದೆ. ಈಗಿನ ಸಾಮಾನ್ಯ ತೋಟಾ 70 ಮಿ.ಮೀ. ನದು. ಮಡಚಿದ ಬಾಯಿಯ ತೋಟಾ ಒಳಗೆ ಸುಲಭವಾಗಿ ಕೂರುವುದೇ ಅಪಾಯ. ಹಾರಿದಾಗ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರಿಬಿಡುತ್ತದೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆಗಳಲ್ಲಿ ಅನೇಕವು ಕಪ್ಪು ಮದ್ದಿನ ಕಾಲದವು. ನೋಡಲು ಚೆಂದ, ಇಂದಿನ ಮದ್ದಿಗೆ ತಕ್ಕವಲ್ಲ. ಬಲ್ಲ ಕೋವಿ ಮಿಸ್ತ್ರಿಗೆ ತೋರಿಸದೆ ಇವುಗಳಿಗೆ ತೋಟಾ ಹಾಕಬಾರದು. ಎರಡು ಬೋರಿನ ತೋಟಾಗಳನ್ನು ಒಂದೇ ಜೇಬಿನಲ್ಲಿಡುವುದೂ ಅಷ್ಟೇ ಅಪಾಯ. ಇಪ್ಪತ್ತು ಬೋರಿನದು ಹನ್ನೆರಡರ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡು, ಹಿಂದಿನಿಂದ ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಇಪ್ಪತ್ತು ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಈ ಕಾರಣಕ್ಕೇ.

ಸೀಸ ಹೋದರೆ

ಹೊರದೇಶಗಳ ಹಕ್ಕಿ ಬೇಟೆಯಲ್ಲಿ ಹಳೆಯ ಸೈಡ್ ಬೈ ಸೈಡ್‌ಗಳಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಓವರ್ ಅಂಡರ್ ಅಲ್ಲ, ಚರೆಯ ಲೋಹ. ಜೌಗಿನಲ್ಲಿ ಬಿದ್ದ ಸೀಸದ ಕಾಳುಗಳನ್ನು ಬಾತುಗಳು ಮರಳಿನ ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಅವನ್ನು ತಿಂದ ಹದ್ದು, ಗಿಡುಗಗಳಿಗೂ ಅದೇ ಗತಿ. ಅಮೆರಿಕ 1991ರಿಂದ ನೀರುಹಕ್ಕಿ ಬೇಟೆಯಲ್ಲಿ ಸೀಸವನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 2023ರ ಫೆಬ್ರುವರಿಯಿಂದ ಜೌಗು ಪ್ರದೇಶಗಳಲ್ಲಿ ನಿಲ್ಲಿಸಿತು.

ಬದಲಿಗೆ ಬಂದ ಉಕ್ಕಿನ ಚರೆ ಸೀಸಕ್ಕಿಂತ ಹಗುರ. ಸಾಂದ್ರತೆ 11.3ರ ಬದಲು 7.8. ಅಷ್ಟೇ ದೂರಕ್ಕೆ ಅಷ್ಟೇ ಪೆಟ್ಟು ಬೇಕೆಂದರೆ ಕಾಳು ದಪ್ಪವಾಗಬೇಕು, ವೇಗ ಹೆಚ್ಚಬೇಕು. ಉಕ್ಕು ಸೀಸದ ಹಾಗೆ ಹಿಸುಕಿಕೊಳ್ಳುವುದಿಲ್ಲ. ತೆಳು ಗೋಡೆಯ, ಬಿಗಿ ಚೋಕಿನ ಹಳೆಯ ನಳಿಗೆಯ ಬಾಯಿ ಉಬ್ಬಿಹೋಗಬಹುದು. ಮೆತ್ತಗಿನ ಬಿಸ್ಮತ್ ಚರೆ ಅವುಗಳಿಗೆ ಒಗ್ಗುತ್ತದೆ, ಆದರೆ ಬೆಲೆ ದುಬಾರಿ. ಉಕ್ಕಿಗೆಂದೇ ಪರೀಕ್ಷಿಸಿದ, ಚೋಕ್ ತಿರುಪಿ ಬದಲಿಸಬಹುದಾದ ಹೊಸ ಓವರ್ ಅಂಡರ್‌ಗಳಿಗೆ ಈ ತೊಂದರೆಯಿಲ್ಲ. ಕೆರೆ ಬಾತಿನ ಬೇಟೆಯಲ್ಲಿ ಹಳೆಯ ಜೋಡಿ ಹಿಂದೆ ಸರಿದದ್ದು ಕೈಚಳಕದಲ್ಲಿ ಸೋತು ಅಲ್ಲ.

ಹಾಗಾದರೆ ಯಾವುದು?

ಸ್ಕೀಟ್ ಆಡುವವರಿಗೆ ಉತ್ತರ ಸರಳ: ಓವರ್ ಅಂಡರ್, ಹನ್ನೆರಡು ಬೋರು, ಮೂರೂವರೆ ಕೆ.ಜಿ.ಯ ಆಸುಪಾಸು, ಎರಡೂ ಕಡೆ ಸಡಿಲ ಚೋಕ್. ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ನಾಯಿಯ ಹಿಂದೆ ಗುಡ್ಡ ಹತ್ತುವವರಿಗೆ ಮೂರು ಕೆ.ಜಿ.ಯೊಳಗಿನ ಸೈಡ್ ಬೈ ಸೈಡ್ ಇಂದಿಗೂ ಸೈ. ಅಮೆರಿಕದ ದಕ್ಷಿಣ ಸೀಮೆಯ ಕ್ವೇಲ್ ಬೇಟೆಯಲ್ಲಿ ಇಪ್ಪತ್ತು, ಇಪ್ಪತ್ತೆಂಟು ಬೋರಿನ ಹಗುರ ಜೋಡಿಗಳಿಗೆ ಈಗಲೂ ಮನ್ನಣೆಯಿದೆ. ಎರಡಕ್ಕೂ ಒಂದೇ ಕೋವಿ ಬೇಕೆಂದರೆ 3.2 ಕೆ.ಜಿ.ಯ, 28 ಇಂಚಿನ, ಚೋಕ್ ಬದಲಿಸಬಲ್ಲ ಓವರ್ ಅಂಡರ್ ನಡುದಾರಿ. ಎರಡರಲ್ಲೂ ಅದಕ್ಕೆ ಮೊದಲ ಸ್ಥಾನ ಸಿಗದು, ಯಾವುದರಲ್ಲೂ ಅದು ಕೈಕೊಡದು.

ಆದರೆ ಈ ಲೆಕ್ಕವೆಲ್ಲ ಕೋವಿ ಮೈಗೆ ಹೊಂದಿದ ಮೇಲಿನದು. ಶಾಟ್‌ಗನ್ನಿಗೆ ಹಿಂದಿನ ಗುರಿಕಾಣಿ ಇಲ್ಲ. ಆ ಜಾಗದಲ್ಲಿರುವುದು ಹೊಡೆಯುವವರ ಕಣ್ಣು. ಹಿಡಿ ಉದ್ದವಾದರೆ ಏರುವಾಗ ಬಟ್ಟೆಗೆ ಸಿಕ್ಕುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಹಿಡಿಯ ನೆತ್ತಿ ತಗ್ಗಿದ್ದರೆ ಈಡು ಕೆಳಕ್ಕೆ, ಎತ್ತರವಿದ್ದರೆ ಮೇಲಕ್ಕೆ. ಹದಿನಾರು ಗಜ ದೂರದ ಬಿಳಿ ತಗಡಿಗೆ ಯೋಚಿಸದೆ ಕೋವಿಯೆತ್ತಿ ಹೊಡೆಯಿಸಿ, ಈಡು ಒಂದು ಇಂಚು ತಪ್ಪಿದರೆ ಹಿಡಿಯಲ್ಲಿ ಇಂಚಿನ ಹದಿನಾರನೇ ಒಂದು ಪಾಲು ಸರಿಪಡಿಸುವುದು ಇಂಗ್ಲೆಂಡಿನ ಕುಶಲಕರ್ಮಿಗಳ ಹಳೆಯ ರೂಢಿ. ಅಳತೆ ತಪ್ಪಿದ ಪರ್ಡಿಗಿಂತ ಅಳತೆ ಕೂಡಿದ ಸಾಧಾರಣ ಕೋವಿ ಹೆಚ್ಚು ತಟ್ಟೆ ಒಡೆಯುತ್ತದೆ.

ಹೊಸದಾಗಿ ಆಟಕ್ಕೆ ಇಳಿಯುವವರು ಹಣ ಸುರಿಯುವ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ಮೊದಲು ಕ್ಲಬ್ಬಿನ ಕೋವಿಯಲ್ಲಿ ತರಬೇತಿ, ಯಾವ ಕಣ್ಣು ಬಲವಾದದ್ದು ಎಂಬ ಪರೀಕ್ಷೆ. ಆಮೇಲೆ ತೋಟಾ, ಮತ್ತಷ್ಟು ತೋಟಾ. ಹಿಡಿಯ ಅಳತೆ ಗೊತ್ತಾದ ಮೇಲೆ ಕೋವಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸನ್ಸುದಾರರಿಗೆ ಎರಡೇ ಕೋವಿಯ ಮಿತಿ ಇರುವುದರಿಂದ ತಪ್ಪು ಆಯ್ಕೆ ಮನೆಯ ಒಂದು ಜಾಗವನ್ನು ವರ್ಷಗಟ್ಟಲೆ ಹಿಡಿದು ಕೂರುತ್ತದೆ. ನಳಿಗೆ ಅಕ್ಕಪಕ್ಕವೋ ಮೇಲೆ ಕೆಳಗೋ ಎಂಬ ವಾದವನ್ನು ಅಷ್ಟು ಹೊತ್ತಿಗೆ ನಿಮ್ಮ ಭುಜ ಮತ್ತು ಕೆನ್ನೆಯೇ ಬಗೆಹರಿಸಿರುತ್ತವೆ.